ಕೊಟ್ಟಿಗೆಯ ಆರ್ಕಿಡ್

ಇಂದು ಬೆಳಿಗ್ಗೆ ಇದ್ದಿಲ ಚೂರುಗಳನ್ನು ನೀರಿನಲ್ಲಿ ನೆನೆಹಾಕಿದೆ. ಒದ್ದೆ ಇದ್ದಿಲಿಗೆ ಒಂದು ವಾಸನೆ ಇರುತ್ತದೆ, ನೀವೂ ಗಮನಿಸಿರಬಹುದು: ಆಗತಾನೆ ಆರಿಸಿದ ಒಲೆಯದ್ದು. ಅದು ಮೂಗಿಗೆ ಬಡಿದರೆ ಸಾಕು, ಅತ್ತೆಯೊಡನೆ ಆಡಿದ ಮೊದಲ ಜಗಳ ನೆನಪಾಗಿ ನನಗೆ ನಗು ಬರುತ್ತದೆ.

ಮದುವೆಯಾಗಿ ಶಿರಗುಪ್ಪಿಗೆ ಬಂದ ಹೊಸತು. ಅಲ್ಲಿಯವರೆಗೆ ಅತ್ತೆಗೂ ನನಗೂ ಜಗಳವಿರಲಿಲ್ಲ, ಏಕೆಂದರೆ ಮಾತೇ ಇರಲಿಲ್ಲ. ನಾನು ನಿಪ್ಪಾಣಿಯವಳು, ಪದವಿ ಓದಿದವಳು. ಅವರಿಗೆ ಕಬ್ಬು, ಎಮ್ಮೆ ಬಿಟ್ಟು ಬೇರೆ ಲೋಕವಿಲ್ಲ ಎಂದು ನಾನೇ ತೀರ್ಮಾನಿಸಿದ್ದೆ. 'ಚಾ ಆತು?' 'ಆತ್ರಿ.' ಅಲ್ಲಿಗೆ ದಿನದ ಮಾತು ಮುಗಿಯಿತು. ಆ ಬೇಸರ ಕಳೆಯಲೆಂದೇ ಒಮ್ಮೆ ತವರಿಗೆ ಹೋಗಿ ಬರುವಾಗ ಒಂದು ಆರ್ಕಿಡ್ ತಂದೆ. ನಮ್ಮ ಎರೆಮಣ್ಣು ಚಿನ್ನದಂಥದ್ದು ಎಂದು ಎಲ್ಲರೂ ಹೇಳುತ್ತಿದ್ದರಲ್ಲ, ಅದರಲ್ಲೇ ನೆಟ್ಟು ದಿನಕ್ಕೆರಡು ಸಲ ನೀರು ಹೊಯ್ದೆ. ಹದಿನೈದು ದಿನಕ್ಕೆ ಬೇರು ಕೊಳೆತು ಹೋಯಿತು.

ಎರಡನೆಯದನ್ನು ತರುವಷ್ಟರಲ್ಲಿ ಬುದ್ಧಿ ಬಂದಿತ್ತು. ತೂತುಗಳಿರುವ ಕುಂಡದಲ್ಲಿ ಇದ್ದಿಲು, ಇಟ್ಟಿಗೆ ಚೂರು, ತೆಂಗಿನ ನಾರು ತುಂಬಿ ಗಿಡ ಕೂರಿಸಿದೆ. ಅತ್ತೆ ನೋಡಿ, 'ಮಣ್ಣಿಲ್ಲ, ಏನಿಲ್ಲ. ಉಪವಾಸ ಕೆಡವಿ ಕೊಲ್ತಿ ಏನ ಅದನ್ನ?' ಎಂದರು. ಅದುವರೆಗೆ ಅವರು ನನ್ನೊಡನೆ ಆಡಿದ ಅತಿ ಉದ್ದದ ಮಾತು ಅದು. ನಾನು ಕಲಿತವಳ ನಗೆ ನಕ್ಕು, ಗಿಡವನ್ನು ಪಡಸಾಲೆಯ ಕಿಟಕಿಯಲ್ಲಿಟ್ಟೆ. ಬೇಸಿಗೆಯ ಬಿಸಿಗಾಳಿಗೆ ಅದರ ದಂಟು ಸುಕ್ಕುಗಟ್ಟಿತು.

ಒಂದು ಬೆಳಿಗ್ಗೆ ನೋಡಿದರೆ ಕುಂಡವೇ ಇಲ್ಲ.

'ಅತ್ತಿ, ನನ್ನ ಗಿಡ ಎಲ್ಲೈತ್ರಿ?'

'ದನದ ಮನ್ಯಾಗ ಐತಿ.'

ಓಡಿದೆ. ಕೊಟ್ಟಿಗೆಯ ಬಾಗಿಲ ತೊಲೆಗೆ ಹಗ್ಗ ಕಟ್ಟಿ, ಎಮ್ಮೆಯ ಮೂತಿಗೆ ಎಟುಕದಷ್ಟು ಎತ್ತರದಲ್ಲಿ ತೂಗುಹಾಕಿದ್ದರು. 'ಸಗಣಿ ವಾಸನ್ಯಾಗ ಹೂವಿನ ಗಿಡ ಇಡ್ತಾರೇನ್ರಿ?' ಎಂದು ಕೂಗಾಡಿದೆ.

ಅತ್ತೆ ಗುಡಿಸುವುದನ್ನು ನಿಲ್ಲಿಸಲಿಲ್ಲ. 'ಬ್ಯಾಸಗ್ಯಾಗ ನನ್ನ ಎಮ್ಮಿನೂ ನಿನ್ನ ಪಡಸಾಲ್ಯಾಗ ಬದುಕೂದಿಲ್ಲ. ಇಲ್ಲಿ ನೆಳ್ಳ ಐತಿ, ದಿನಾ ಎರಡ ಸಲ ನೆಲ ತೊಳಿತೇನಿ, ತಂಪ ಇರತೈತಿ. ತಿಂಗಳೊಪ್ಪತ್ತ ಬಿಡು. ಸತ್ರ ನನಗ ಬೈ.'

ಬೈಯಲು ಅನುಮತಿ ಸಿಕ್ಕಿತಲ್ಲ ಎಂದು ಗಿಡವನ್ನು ಅಲ್ಲೇ ಬಿಟ್ಟೆ. ಆದರೆ ದಿನವೂ ತಪಾಸಣೆಗೆ ಹೋಗತೊಡಗಿದೆ. ಅವರು ಹಾಲು ಕರೆಯುತ್ತ, ನಾನು ಗಿಡ ನೋಡುತ್ತ ಎಷ್ಟೆಂದು ಸುಮ್ಮನಿರುವುದು? ಮಾತು ಶುರುವಾಯಿತು. ಪಾಲಬಾವಿಯ ಅವರ ತವರು, ಮದುವೆಗೆಂದು ಅರ್ಧಕ್ಕೆ ಬಿಡಿಸಿದ ಶಾಲೆ, ಇಂದಿಗೂ ಬಾಯಿಗೆ ಬರುವ ಮಗ್ಗಿ, ಎಲ್ಲ ಹೊರಬಂದವು. ಬೇರಿನ ತುದಿ ಹಸಿರಾದದ್ದನ್ನು ಮೊದಲು ಕಂಡವರೂ ಅವರೇ. 'ಏ, ಲಗೂನ ಬಾ ಇಲ್ಲಿ!' ಎಂದು ಕೂಗಿದ ದನಿಗೆ ಎಮ್ಮೆ ಬೆದರಿ ಹಾಲು ಚೆಲ್ಲಿತು. ಅತ್ತೆ ಅತ್ತ ನೋಡಲೂ ಇಲ್ಲ.

ದೀಪಾವಳಿಯ ಹೊತ್ತಿಗೆ ಉದ್ದನೆಯ ಕಡ್ಡಿಯೊಂದು ಬಾಗಿ ಏಳು ನೇರಳೆ ಹೂ ಬಿಟ್ಟಿತು. ನೋಡಲು ಬಂದ ಓಣಿಯ ಹೆಂಗಸರು ಪೂಜೆಗೆ ಒಂದನ್ನು ಕೇಳಿದರೆ ಅತ್ತೆ, 'ದೇವ್ರು ಬೇಕಾದ್ರ ಇಲ್ಲೇ ಬಂದು ನೋಡಿ ಹೋಗ್ಲಿ' ಎಂದುಬಿಟ್ಟರು. 'ಗಿಡ ಯಾರ ಹಚ್ಚಿದ್ರಿ?' ಎಂದವರಿಗೆ 'ನಮ್ಮ ಸೊಸಿ' ಎಂದರು. ನಾನು ಎಮ್ಮೆಯ ಹಿಂದೆ ಸರಿದು ನಿಂತೆ. ಕಣ್ಣು ತುಂಬಿದ್ದು ಅದಕ್ಕೆ ಮಾತ್ರ ಕಂಡಿತು.

ಈಗ ಕೊಟ್ಟಿಗೆಯಲ್ಲಿ ಒಂಬತ್ತು ಕುಂಡಗಳಿವೆ. ತಮ್ಮ ಮಗಳ ಮನೆಗೆಂದು ಅತ್ತೆ ಏಕಸಂಬಿಗೆ ಹೋಗಿ ಮೂರು ದಿನವಾಯಿತು. ಈಗಷ್ಟೇ ಅವರ ಫೋನ್ ಬಂತು.

'ಅಲ್ಲಿ ಹೆಂಗ ನಡದೈತ್ರಿ, ಅತ್ತಿ?'

'ಮನಿ ತುಂಬ ಮಂದಿ ಅದಾರ. ಮಾತಾಡಾಕ ಒಬ್ಬರೂ ಇಲ್ಲ.'

ಮೂರು ದಿನದಿಂದ ನನಗೂ ಏನೋ ಕಡಿಮೆಯಾದಂತಿತ್ತು. ಏನೆಂದು ಆಗ ಗೊತ್ತಾಯಿತು. 'ನಾಳೆ ಮುಂಜಾನಿ ಬಸ್ಸಿಗೆ ಬಂದಬಿಡ್ರಿ' ಎಂದೆ.

'ನಾಳೆ ಯಾಕ? ಚೀಲ ತುಂಬೇನಿ. ಸಂಜೀಕ ಬರ್ತೇನಿ.'