ನಿಮಗೆ ಎಲ್ಲಿ ಆಯ್ತು?

ನಮ್ಮ ಪುತ್ತೂರು, ಸುಳ್ಯ, ಕಡಬದ ಕಡೆ ಇಬ್ಬರು ಅಪರಿಚಿತರು ಬಸ್ಸಿನ ಒಂದೇ ಸೀಟಿನಲ್ಲಿ ಕೂತರೆಂದರೆ, ಕಂಡಕ್ಟರು ಟಿಕೇಟು ಕೊಟ್ಟು ಮುಂದೆ ಹೋಗುವುದರೊಳಗೆ ಒಬ್ಬರು ಇನ್ನೊಬ್ಬರನ್ನು ‘ನಿಮಗೆ ಎಲ್ಲಿ ಆಯ್ತು?’ ಎಂದು ಕೇಳಿಯೇ ಕೇಳುತ್ತಾರೆ. ಪರವೂರಿನವರು ತಮಗೇನೋ ಆಗಿಹೋಗಿದೆಯೆಂದು ಗಾಬರಿಯಾಗಬೇಕಿಲ್ಲ. ನಿಮ್ಮ ಮನೆ ಎಲ್ಲಿ ಎಂಬುದಷ್ಟೇ ಅದರ ತಾತ್ಪರ್ಯ. ಆದರೆ ಈ ಪ್ರಶ್ನೆ ಊರಿನ ಹೆಸರಿಗೆ ತೃಪ್ತವಾಗುವುದಿಲ್ಲ. ಬೆಳ್ಳಾರೆ ಎಂದರೆ ಬೆಳ್ಳಾರೆಯಲ್ಲಿ ಎಲ್ಲಿ, ಪೇಟೆ ಎಂದರೆ ಪೇಟೆಯಲ್ಲಿ ಯಾರ ಅಂಗಡಿಯ ಹತ್ತಿರ ಎಂದು ಮುಂದುವರಿದು, ಎದುರಿನವರ ಸೋದರಮಾವನೂ ನಾವೂ ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರೆಂಬ ಪರಮಸತ್ಯದ ಸಾಕ್ಷಾತ್ಕಾರವಾಗುವವರೆಗೆ ನಮಗೆ ಸಮಾಧಾನವಿಲ್ಲ.

ಈ ವಿದ್ಯೆಯಲ್ಲಿ ನನ್ನದು ಸ್ವಲ್ಪ ಅತಿಯೇ ಎನ್ನಬೇಕು. ಜನಗಣತಿಗೆ ನನ್ನನ್ನು ಕಳಿಸಿದರೆ ಮೊದಲ ಮನೆಯಲ್ಲೇ ಸಂಜೆಯಾಗುತ್ತದೆಂದು ನನ್ನ ಹೆಂಡತಿ ಹೇಳುವುದುಂಟು. ಬಹುಶಃ ಇದೇ ಯೋಗ್ಯತೆಯನ್ನು ಗುರುತಿಸಿ ನಮ್ಮ ಪ್ರಿನ್ಸಿಪಾಲರು, ಇಪ್ಪತ್ತು ವರ್ಷಗಳಿಂದ ವಾಣಿಜ್ಯಶಾಸ್ತ್ರವನ್ನು ನಿರುಪದ್ರವಿಯಾಗಿ ಬೋಧಿಸಿಕೊಂಡಿದ್ದ ನನ್ನ ಹೆಗಲಿಗೆ ಹೊಸ ಸರ್ಟಿಫಿಕೇಟ್ ಕೋರ್ಸೊಂದನ್ನು ಹೊರಿಸಿದರು. ಅದರ ಹೆಸರು ‘ಆಪ್ತ ಸಮಾಲೋಚನೆ, ವಿದ್ಯಾರ್ಥಿ ನಾಯಕತ್ವ ಮತ್ತು ಮಾನವ ಸಂಬಂಧಗಳು’. ಮೂರು ದಿನಗಳ ತರಬೇತಿ ಮುಗಿಸಿ ಬಂದ ನಾನು, ಮಾನವ ಸಂಬಂಧಗಳಷ್ಟೇ ತಾನೇ, ಈ ಮೂರು ತಾಲೂಕುಗಳಲ್ಲಿ ಯಾರಿಗೆ ಯಾರು ಏನಾಗಬೇಕೆಂದು ನನಗಿಂತ ಚೆನ್ನಾಗಿ ಬಲ್ಲವರಾರು ಎಂಬ ಧೈರ್ಯದಿಂದಲೇ ತರಗತಿಗೆ ಹೋದೆ.

ಪಾಠವನ್ನು ಶ್ರದ್ಧೆಯಿಂದಲೇ ಮಾಡಿದೆನೆನ್ನಿ. ಕುರ್ಚಿಗಳನ್ನು ಎದುರುಬದುರು ಇಡದೆ ಓರೆಯಾಗಿ ಇಡಬೇಕು, ಮಾತಿನ ನಡುವೆ ಬಾಯಿ ಹಾಕಬಾರದು, ಬುದ್ಧಿವಾದ ಹೇಳಬಾರದು ಎಂದೆಲ್ಲ ಬೋಧಿಸಿ, ಮಕ್ಕಳನ್ನು ಜೋಡಿ ಮಾಡಿ, ಒಬ್ಬರು ಹೇಳುವವರು, ಒಬ್ಬರು ಕೇಳುವವರು ಎಂದು ಅಭ್ಯಾಸಕ್ಕೂ ಕೂರಿಸಿದೆ. ‘ಕೇಳಿದ್ದು ನಿಮ್ಮ ಕಿವಿಯಲ್ಲೇ ಇರಬೇಕು, ಬಾಯಿಗೆ ಬರಕೂಡದು’ ಎಂದು ಗೋಪ್ಯತೆಯ ಬಗ್ಗೆ ಒಂದು ಗಂಟೆ ಗುಡುಗಿದೆ. ಆ ನಿಯಮಕ್ಕೊಂದು ಅಪವಾದವಿದೆ. ಅದು ಪುಸ್ತಕದ ಮುಂದಿನ ಪುಟದಲ್ಲಿತ್ತು. ಅಷ್ಟರಲ್ಲಿ ಗಂಟೆ ಹೊಡೆಯಿತು. ಉಳಿದದ್ದು ಮುಂದಿನ ವಾರ ಎಂದೆ.

ಮೂರು ದಿನ ಕಳೆದು, ಮಧ್ಯಾಹ್ನದ ಊಟದ ಹೊತ್ತಿಗೆ ಶಮೀನಾ ಬಂದಳು. ನಮ್ಮ ವಿದ್ಯಾರ್ಥಿ ಸಂಘದ ಅಧ್ಯಕ್ಷೆ, ಮೈಕು ಕೊಟ್ಟರೆ ಸಭೆಯನ್ನು ಹಿಡಿದಿಡುವ ಹುಡುಗಿ, ಅಂದು ಓರೆಯಾಗಿಟ್ಟ ಕುರ್ಚಿಯ ತುದಿಯಲ್ಲಿ ಕೂತು ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು. ಅವಳ ಅಪ್ಪ ಅಬ್ಬಾಸಾಕನಿಗೆ ಬೆಳ್ಳಾರೆಯಲ್ಲಿ ಬಟ್ಟೆ ಅಂಗಡಿ ಎಂಬುದನ್ನು ನಾನು ಅವಳ ಅಡ್ಮಿಷನ್ ದಿನವೇ ಪತ್ತೆಹಚ್ಚಿಯಾಗಿತ್ತು.

“ಸರ್, ಹೇಳುದಿಲ್ಲ ಅಂತ ಮಾತು ಕೊಟ್ಟ ಮೇಲೆ ಎಂತ ಆದ್ರೂ ಹೇಳ್ಲಿಕ್ಕೆ ಇಲ್ವಾ?” ಎಂದಳು. “ನನ್ನ ಜೋಡಿಗೆ ಇದ್ದಾಳಲ್ಲ ಸರ್, ಐವರ್ನಾಡಿನವಳು, ಅವಳು...”

ಆ ಕ್ಷಣದಲ್ಲಿ, ಓದುಗ ಮಿತ್ರರೇ, ನನ್ನ ಮೂರು ದಿನಗಳ ತರಬೇತಿಯನ್ನು ನನ್ನ ಐವತ್ತು ವರ್ಷಗಳ ಊರು ನುಂಗಿಹಾಕಿತು. “ಐವರ್ನಾಡಿನಲ್ಲಿ ಎಲ್ಲಿ ಆಯ್ತು ಅವಳಿಗೆ? ಯಾರ ಮನೆ? ನನ್ನ ಅಕ್ಕನನ್ನು ಕೊಟ್ಟದ್ದೂ ಅಲ್ಲಿಗೇ ಮಾರಾಯ್ತಿ!” ಎಂದು ನಾನು ಸಂಭ್ರಮದಿಂದ ಮುಂದಕ್ಕೆ ಬಾಗಿದೆ. ಶಮೀನಾಳ ಮುಖದಲ್ಲಿ ಏನೋ ಬಾಗಿಲು ಹಾಕಿಕೊಂಡಿತು. “ಎಂತ ಇಲ್ಲ ಸರ್, ಸುಮ್ಮನೆ ಕೇಳಿದ್ದು” ಎಂದು ಎದ್ದುಹೋದಳು.

ನಾನು ನಿಶ್ಚಿಂತೆಯಿಂದ ಬುತ್ತಿ ಮುಗಿಸಿ, ಮುಂದಿನ ಪಾಠದ ತಯಾರಿಗೆಂದು ಪುಸ್ತಕ ತೆರೆದೆ. ‘ಜೀವಕ್ಕೆ ಅಪಾಯವಿದೆಯೆಂದು ಕಂಡಾಗ ಗೋಪ್ಯತೆಯ ಮಾತನ್ನು ಮುರಿಯಲೇಬೇಕು’ ಎಂದಿತ್ತು ಆ ಮುಂದಿನ ಪುಟದಲ್ಲಿ. ಓದುತ್ತಿದ್ದಂತೆ ಅವಳು ಕೇಳಿದ್ದು ಏನೆಂದು ನನಗೆ ಅರ್ಥವಾಯಿತು.

ತರಗತಿಗೆ ಓಡಿದೆ. ಮೂರನೆಯ ಬೆಂಚಿನಲ್ಲಿ ಎರಡು ಜಾಗ ಖಾಲಿಯಿತ್ತು. ಶಮೀನಾಳ ಫೋನು ಬಡಿದುಕೊಂಡೇ ಇತ್ತು, ಎತ್ತುವವರಿಲ್ಲ. ಇನ್ನೊಬ್ಬಳ ಫೋನು ಸ್ವಿಚ್ ಆಫ್. ಅಕ್ಕನಿಗೊಂದು ಕರೆ ಮಾಡಿದರೆ ಐದು ನಿಮಿಷದಲ್ಲಿ ಆ ಹುಡುಗಿಯ ಮನೆಯ ಸಮಾಚಾರವೆಲ್ಲ ನನಗೆ ಗೊತ್ತಾಗುತ್ತಿತ್ತು. ಆರನೆಯ ನಿಮಿಷಕ್ಕೆ ನನಗೆ ಗೊತ್ತಾದದ್ದು ಇಡೀ ಐವರ್ನಾಡಿಗೆ ಗೊತ್ತಾಗುತ್ತಿತ್ತು. ಅಕ್ಕನ ನಂಬರಿನ ಮೇಲೆ ಬೆರಳಿಟ್ಟು ನಿಂತೆ. ಒತ್ತಿದರೆ ಒಂದು ತಪ್ಪು, ಒತ್ತದೆ ಏನಾದರೂ ಆಗಿಹೋದರೆ ಜನ್ಮಪೂರ್ತಿ ಕಾಡುವ ತಪ್ಪು. ಇಷ್ಟು ಹೆದರಿದ್ದು ನನಗೆ ನೆನಪಿಲ್ಲ. ಒಂದು ಹುಡುಗಿ ತನ್ನ ಗೆಳತಿಯ ಪ್ರಾಣವನ್ನು ಬೊಗಸೆಯಲ್ಲಿ ಹಿಡಿದು ನನ್ನ ಕೋಣೆಗೆ ಬಂದಿದ್ದಳು, ನಾನು ನೆಂಟಸ್ತಿಕೆ ಹುಡುಕಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಬೆಳ್ಳಾರೆಗಾಗಲಿ ಐವರ್ನಾಡಿಗಾಗಲಿ ಹೋಗುವವರು ಬಸ್‌ಸ್ಟ್ಯಾಂಡಿಗೆ ಬರಲೇಬೇಕು ಎಂಬುದು ಹೊಳೆದು ಫೋನನ್ನು ಜೇಬಿಗೆ ಹಾಕಿ ರಿಕ್ಷಾ ಹತ್ತಿದೆ. ಕಾಲೇಜಿನಿಂದ ಪುತ್ತೂರು ಬಸ್‌ಸ್ಟ್ಯಾಂಡಿಗೆ ಹತ್ತೇ ನಿಮಿಷದ ದಾರಿ. ಅಂದು ದಾರಿಯ ಲಾರಿಗಳೆಲ್ಲ ನನ್ನೆದುರೇ ಅಡ್ಡ ನಿಂತಿದ್ದವು. ಡ್ರೈವರು ಕನ್ನಡಿಯಲ್ಲಿ ನನ್ನನ್ನು ನೋಡಿ, “ಸರ್, ನಿಮಗೆ ಎಲ್ಲಿ ಆಯ್ತು?” ಎಂದ. ಜೀವಮಾನದಲ್ಲಿ ಮೊದಲ ಬಾರಿಗೆ ನಾನು ಆ ಪ್ರಶ್ನೆಗೆ ಉತ್ತರಿಸಲಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಬೆಳ್ಳಾರೆ ಬಸ್ಸು ನಿಲ್ಲುವ ಕಡೆ, ಕಂಬದ ಪಕ್ಕ, ಶಮೀನಾ ನಿಂತಿದ್ದಳು. ಬಸ್ಸು ಹೊರಟಿತು, ಅವಳು ಹತ್ತಲಿಲ್ಲ. ನಾನು ಹತ್ತಿರ ಹೋಗಿ ಏದುಸಿರು ಬಿಡುತ್ತಲೇ ಅಂದೆ: “ಪಾಠ ಅರ್ಧ ಮಾಡಿದ್ದು ನಾನು. ತಪ್ಪು ನನ್ನದು. ಜೀವಕ್ಕೆ ಅಪಾಯ ಉಂಟು ಅಂತಾದ್ರೆ ಹೇಳ್ಬೇಕು. ಮಾತು ಮುರಿದ ಪಾಪ ನಿನಗಿಲ್ಲ.”

ಅವಳು ನನ್ನನ್ನು ದಿಟ್ಟಿಸಿದಳು. “ಹೇಳಿದ್ರೆ ಯಾರ ಮನೆ ಅಂತ ಕೇಳ್ತೀರಾ?”

“ಕೇಳುದಿಲ್ಲ.”

“ನಿಮ್ಮ ಅಕ್ಕನಿಗೆ ಹೇಳ್ತೀರಾ?”

“ಇಲ್ಲ.”

ಅವಳ ಕಣ್ಣು ತುಂಬಿಬಂತು. “ಬದುಕುದೇ ಬೇಡ ಅಂತಾಳೆ ಸರ್. ಬೆಳಿಗ್ಗೆಯಿಂದ ಒಬ್ಬಳನ್ನೇ ಬಿಡ್ಲಿಲ್ಲ ನಾನು. ನಿಮ್ಮಲ್ಲಿಗೆ ಬಂದ ಹೊತ್ತು ಮಾತ್ರ ಬಿಟ್ಟದ್ದು. ಬೆಳ್ಳಾರೆಯಲ್ಲಿ ನಾನು ಇಳಿದ್ರೆ ಮತ್ತೆ ಐವರ್ನಾಡಿನವರೆಗೆ ಅವಳು ಒಬ್ಬಳೇ ಅಲ್ವಾ? ಅದಕ್ಕೆ ಮೂರು ಬಸ್ಸು ಬಿಟ್ಟೆ” ಎಂದು ಕಂಬದ ಆಚೆಗೆ ನೋಡಿದಳು. ಅಲ್ಲಿ ಕಲ್ಲುಬೆಂಚಿನ ಮೇಲೆ ಆ ಹುಡುಗಿ ಚೀಲವನ್ನು ಎದೆಗವಚಿಕೊಂಡು ಕೂತಿದ್ದಳು.

ನನ್ನ ಕೋರ್ಸಿನ ನಾಯಕತ್ವದ ಅಧ್ಯಾಯದಲ್ಲಿ ನಾಯಕನ ಗುಣಗಳ ಉದ್ದ ಪಟ್ಟಿಯೇ ಇದೆ. ಬಸ್ಸು ಬಿಡುವುದು ಅದರಲ್ಲಿಲ್ಲ.

ಬೆಂಚಿನ ಇನ್ನೊಂದು ತುದಿಯಲ್ಲಿ, ಸ್ವಲ್ಪ ಓರೆಯಾಗಿಯೇ, ಕೂತೆ. ಪ್ರಶ್ನೆ ನಾಲಗೆಯ ತುದಿಗೆ ಬಂದು ಕೂತಿತ್ತು, ನುಂಗಿಕೊಂಡೆ. “ಚಾ ಕುಡಿಯುವನಾ?” ಎಂದೆ. ಅವಳು ಹೂಂ ಎಂದು ತಲೆಯಾಡಿಸಿದಳು. ಚಾ ಆರಿಹೋಯಿತು, ಮತ್ತೊಂದು ತರಿಸಿದೆ. ಎರಡನೆಯ ಚಾದ ಅರ್ಧಕ್ಕೆ ಅವಳು ಮಾತಾಡಲಾರಂಭಿಸಿದಳು. ಅವಳು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಅದು ಕಿವಿಯಲ್ಲೇ ಇರಬೇಕಾದದ್ದು. ಮನೆಯಲ್ಲಿ ಯಾರಿಗೆ ಹೇಳಬಹುದು ಎಂದು ಕೇಳಿದಾಗ “ಅಮ್ಮನಿಗೆ” ಎಂದಳು. ಅಮ್ಮ ಸಿಕ್ಕಿದ ಬಸ್ಸು ಹಿಡಿದು ಬರುವವರೆಗೆ ನಾವು ಮೂವರೂ ಆ ಬೆಂಚು ಬಿಟ್ಟು ಏಳಲಿಲ್ಲ. ಅಲ್ಲಿಂದ ನಾಲ್ವರೂ ನೇರ ಡಾಕ್ಟರರ ಬಳಿಗೆ ಹೋದೆವು.

ಇದಾಗಿ ಒಂದು ವರ್ಷ ಕಳೆಯಿತು. ಮೊನ್ನೆ ಆ ಹುಡುಗಿ ಕೊನೆಯ ಪರೀಕ್ಷೆ ಮುಗಿಸಿ ನನ್ನ ಕೋಣೆಗೆ ಬಂದಳು. ಇದನ್ನೆಲ್ಲ ಬರೆಯಲೇ ಎಂದು ಕೇಳಿದೆ. “ಬರೀರಿ ಸರ್. ಹೆಸರು ಬೇಡ, ಊರು ಇರ್ಲಿ” ಎಂದು ನಕ್ಕಳು. ಬಾಗಿಲವರೆಗೆ ಹೋದವಳು ತಿರುಗಿ ನಿಂತಳು.

“ಸರ್, ಒಂದು ವರ್ಷ ಆದ್ರೂ ನೀವು ಕೇಳ್ಲೇ ಇಲ್ಲ. ನಂಗೆ ಐವರ್ನಾಡಿನಲ್ಲಿ ನಿಮ್ಮ ಅಕ್ಕನ ಮನೆಯಿಂದ ಒಂಚೂರು ಮೇಲೆಯೇ ಆಯ್ತು. ಒಮ್ಮೆ ಬನ್ನಿ.”