ಸಮಾಧಾನ ಹೇಳದ ಇಂದಿರಾ ಆಂಟಿ

ಇಂದಿರಾ ಆಂಟಿ ಡಾಕ್ಟರ್. ಆದರೆ ಸಮಾಧಾನ ಹೇಳುವುದು ಮಾತ್ರ ಅವರಿಗೆ ಬರುತ್ತಲೇ ಇರಲಿಲ್ಲ. ನಮ್ಮ ಕನ್ನಡದವರು ಯಾರಾದರೂ ಕ್ಲಿನಿಕ್‌ಗೆ ಹೋಗಿ, ಹೆದರುವಂಥದ್ದೇನೂ ಇಲ್ಲ ಅಲ್ವಾ ಎಂದು ಕೇಳಿದರೆ, "ಇಲ್ಲ ಅಂತ ನಾನ್ಯಾಕೆ ಹೇಳ್ಲಿ? ಮೊದ್ಲು ರಿಪೋರ್ಟ್ ಬರ್ಲಿ" ಎನ್ನುತ್ತಿದ್ದರು. ಅಂಥವರಲ್ಲಿ ಅರ್ಧಕ್ಕರ್ಧ ಜನ ಮುನಿಸಿಕೊಂಡು ಬೇರೆ ಡಾಕ್ಟರನ್ನು ಹುಡುಕಿಕೊಂಡಿದ್ದರು.

ಪರ್ತ್‌ನಲ್ಲಿ ಎಂ.ಎಸ್. ಓದುತ್ತಿದ್ದಾಗ ಅವರ ಮನೆಯ ಹಿಂಬದಿಯ ಕೋಣೆ ನನ್ನದಾಗಿತ್ತು. ಅಂಕಲ್ ಗಣಿ ಇಂಜಿನಿಯರ್. ಎರಡು ವಾರ ಗಣಿಯಲ್ಲಿ, ಒಂದು ವಾರ ಮನೆಯಲ್ಲಿ. ಮಗಳು ಲಂಡನ್ನಿನಲ್ಲಿದ್ದಳು. ಹಾಗಾಗಿ ಹೆಚ್ಚಿನ ದಿನ ಆ ಮನೆಯಲ್ಲಿ ನಾವಿಬ್ಬರೇ. ಮೈಸೂರಿನ ಸರಸ್ವತಿಪುರಂನಲ್ಲಿ ಬೆಳೆದ ಆಂಟಿ ರೋಗಿಗಳ ಹತ್ತಿರ ಅಚ್ಚುಕಟ್ಟಾದ ಇಂಗ್ಲಿಷ್ ಮಾತಾಡಿ, ಕಾರು ಹತ್ತಿದ ಕೂಡಲೇ ಕನ್ನಡದಲ್ಲಿ ಬೈಗುಳ ಶುರುಮಾಡುತ್ತಿದ್ದರು. ಯಾರಾದರೂ ಅಡ್ಡ ನುಗ್ಗಿದರೆ, "ಹೋಗಪ್ಪಾ ಮಹಾರಾಯ, ನಿಂಗೆ ಮುಹೂರ್ತ ಮೀರ್ತಾ ಇದೆ" ಎನ್ನುತ್ತಿದ್ದರು, ಕಿಟಕಿ ಮಾತ್ರ ಭದ್ರವಾಗಿ ಮುಚ್ಚಿರುತ್ತಿತ್ತು.

ಓದಿನ ಕೊನೆಯ ವರ್ಷ ನನಗೆ ಬ್ರಿಸ್ಬೇನ್‌ನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಇಂಟರ್ನ್‌ಶಿಪ್ ಸಿಕ್ಕಿತು. ಅವರ ಆಫೀಸು ಇದ್ದದ್ದು ಅಲ್ಲಿನ ಎಯ್ಟ್ ಮೈಲ್ ಪ್ಲೇನ್ಸ್ ಬಡಾವಣೆಯಲ್ಲಿ. ನಾನು ಕೂತಿದ್ದು ಪರ್ತ್‌ನಲ್ಲಿ, ಆಂಟಿಯ ಅಡಿಗೆಮನೆಯ ಮೇಜಿನ ಮುಂದೆ. ಬ್ರಿಸ್ಬೇನ್ ಗಡಿಯಾರ ನಮಗಿಂತ ಎರಡು ಗಂಟೆ ಮುಂದೆ. ಹಾಗಾಗಿ ಅವರು ಎಂಟಕ್ಕೆ ಕೆಲಸ ಶುರುಮಾಡಿದರೆ ನಾನು ಆರಕ್ಕೇ ತಲೆ ಬಾಚಿಕೊಂಡು ಲ್ಯಾಪ್‌ಟಾಪ್ ಮುಂದೆ. ಆಂಟಿ ಕ್ಯಾಮೆರಾಕ್ಕೆ ಕಾಣದ ಹಾಗೆ ಗೋಡೆಗೆ ಒತ್ತಿಕೊಂಡು ಬಂದು ಕಾಫಿ ಇಟ್ಟು ಹೋಗುತ್ತಿದ್ದರು.

ನನ್ನ ಜೊತೆಗೆ ಇನ್ನೊಬ್ಬ ಇಂಟರ್ನ್ ಇದ್ದ, ಜೇಕ್. ಅವನು ಬ್ರಿಸ್ಬೇನ್ ಆಫೀಸಿನಲ್ಲೇ ಕೂರುತ್ತಿದ್ದ. ಶುಕ್ರವಾರ ಸಂಜೆ ಅಲ್ಲಿ ಎಲ್ಲರೂ ಬಿಯರ್ ಹಿಡಿದು ಸೇರಿದಾಗ ನನ್ನನ್ನೂ ಒಂದು ಲ್ಯಾಪ್‌ಟಾಪಿನ ಪರದೆಯಲ್ಲಿ ಮೇಜಿನ ತುದಿಗೆ ಇಡುತ್ತಿದ್ದರು. ಒಂದು ಸಲ ಯಾರೋ ಚಿಪ್ಸ್ ತಟ್ಟೆಗೆ ಜಾಗ ಬೇಕೆಂದು ಆ ಲ್ಯಾಪ್‌ಟಾಪನ್ನು ಮುಚ್ಚಿಯೇಬಿಟ್ಟರು. ನಾನು ಇನ್ನೂ ಮಾತಾಡುತ್ತಿದ್ದೆ.

ಇಂಟರ್ನ್‌ಶಿಪ್ ಮುಗಿದಾಗ ಮ್ಯಾನೇಜರ್ ಸ್ಟೀವ್ ನನ್ನ ಕೆಲಸವನ್ನು ಬಾಯಿತುಂಬ ಹೊಗಳಿದ. ನಾನು ಊರಿಗೆ ಫೋನ್ ಮಾಡಿ, ಕೆಲಸ ಆದ ಹಾಗೇ ಎಂದೂ ಹೇಳಿದೆ. ಮರುವಾರ ಎರಡು ಸಾಲಿನ ಮೇಲ್ ಬಂತು: ಸದ್ಯಕ್ಕೆ ಜಾಗವಿಲ್ಲ, ಒಳ್ಳೆಯದಾಗಲಿ. ಅದೇ ಮಧ್ಯಾಹ್ನ ಜೇಕ್‌ನ ಮೆಸೇಜು. ಅವನಿಗೆ ಕೆಲಸ ಸಿಕ್ಕಿತ್ತು. ನಾನು ಬರೆದಿಟ್ಟಿದ್ದ ಪ್ರೋಗ್ರಾಮು ಅವನ ಕೈಯಲ್ಲಿ ಓಡುತ್ತಿಲ್ಲವಂತೆ, ಸ್ವಲ್ಪ ಹೇಳಿಕೊಡುತ್ತೀಯಾ ಎಂದು ಕೇಳಿದ್ದ.

ಆ ಭಾನುವಾರ ಕನ್ನಡ ಕೂಟದ ಊಟವಿತ್ತು. ವಿಷಯ ಅದು ಹೇಗೋ ಎಲ್ಲರಿಗೂ ಗೊತ್ತಾಗಿತ್ತು. ಕೋಸಂಬರಿ ಬಡಿಸುತ್ತಲೇ ಒಬ್ಬೊಬ್ಬರು ಒಂದೊಂದು ಹೇಳಿದರು. ಅನುಭವ ಬಂತಲ್ಲ. ಇದಕ್ಕಿಂತ ದೊಡ್ಡದು ಕಾದಿರುತ್ತೆ. ನಗುನಗುತ್ತಾ ಇರಬೇಕಮ್ಮ. ನಾನು ತಟ್ಟೆ ನೋಡಿಕೊಂಡು ತಲೆಯಾಡಿಸುತ್ತಿದ್ದೆ. ಹಿರಿಯರೊಬ್ಬರು, ಆದದ್ದೆಲ್ಲ ಒಳ್ಳೆಯದಕ್ಕೇ ಎಂದಾಗ ಆಂಟಿ ಚಮಚ ಕೆಳಗಿಟ್ಟರು.

"ಏನ್ ಒಳ್ಳೇದಾಯ್ತು ಹೇಳಿ. ಒಂದೇ ಒಂದು ಹೇಳಿ ಸಾಕು."

ಅವರು ಕೋಸಂಬರಿ ಪಾತ್ರೆ ಎತ್ತಿಕೊಂಡು ಪಕ್ಕದ ಮೇಜಿಗೆ ನಡೆದರು. ಆಂಟಿ ಪಾಯಸಕ್ಕೂ ಕಾಯದೆ ನನ್ನನ್ನು ಎಬ್ಬಿಸಿಕೊಂಡು ಹೊರಟರು.

ಕಾರಿನಲ್ಲಿ ನಾನು ಕಿಟಕಿಯ ಕಡೆಗೆ ಮುಖ ತಿರುಗಿಸಿಕೊಂಡೆ. ಆಂಟಿ ಒಂದು ಪೆಟ್ರೋಲ್ ಬಂಕಿನ ಪಕ್ಕ, ಪಂಪುಗಳಿಂದ ಸ್ವಲ್ಪ ಆಚೆ, ಕಾರು ನಿಲ್ಲಿಸಿ ನನ್ನ ಕಡೆ ತಿರುಗಿದರು. "ಅಳ್ತೀಯೋ, ಬೈತೀಯೋ? ಬೈಯೋದಾದ್ರೆ ಕಿಟಕಿ ಹಾಕ್ತೀನಿ."

ಬೈತೀನಿ ಎಂದೆ. ಅವರು ಕಿಟಕಿ ಏರಿಸಿದರು. ಮನೆ ಮುಟ್ಟುವವರೆಗೂ ನಾನು ಸ್ಟೀವ್‌ನನ್ನು, ಜೇಕ್‌ನನ್ನು, ಮುಂಜಾನೆ ಆರರ ಮೀಟಿಂಗುಗಳನ್ನು, ಆ ಚಿಪ್ಸ್ ತಟ್ಟೆಯನ್ನು ಬೈದೆ. ಆಂಟಿ ನಡುವೆ ಒಂದೇ ಒಂದು ಸಲ ಬಾಯಿ ಹಾಕಿದರು, ಅದೂ ನನಗೆ ಸಿಗದಿದ್ದ ಒಂದು ಬೈಗುಳ ಒದಗಿಸಲು.

ಮರುದಿನ ಅವರದೇ ಒತ್ತಾಯಕ್ಕೆ ಸ್ಟೀವ್‌ಗೆ ಫೋನ್ ಮಾಡಿ, ನನ್ನಲ್ಲಿ ಏನು ಕಡಿಮೆಯಾಯಿತು ಎಂದು ಕೇಳಿದೆ. ಅವನು ಒಳ್ಳೆಯವನೇ, ಬಹಳ ಹೊತ್ತು ತಡವರಿಸಿದ. ಕೆಲಸದಲ್ಲಿ ಕೊರತೆ ಏನೂ ಇರಲಿಲ್ಲವಂತೆ. ಇದ್ದದ್ದು ಒಂದೇ ಜಾಗ. ಜೇಕ್ ಎಲ್ಲರಿಗೂ ಚೆನ್ನಾಗಿ ಗೊತ್ತಿದ್ದ, ನನ್ನ ಪರಿಚಯ ಯಾರಿಗೂ ಅಷ್ಟಾಗಿ ಆಗಿರಲಿಲ್ಲ, ಅಷ್ಟೇ ಎಂದ. ಫೋನಿಟ್ಟ ಮೇಲೆ ನನಗೆ ಮೊದಲಿಗಿಂತ ಹೆಚ್ಚು ಉರಿಯಿತು. ತಪ್ಪೊಂದು ಇದ್ದಿದ್ದರೆ ತಿದ್ದಿಕೊಳ್ಳಬಹುದಿತ್ತು. ಇಲ್ಲಿ ತಿದ್ದಿಕೊಳ್ಳಲು ಏನಿದೆ? ಆಂಟಿ ಬೀನ್ಸ್ ನಾರು ತೆಗೆಯುತ್ತಾ ಎಲ್ಲ ಕೇಳಿಸಿಕೊಂಡು, "ಹೌದು, ಇದು ಕೆಟ್ಟದ್ದು" ಎಂದರು.

ತಿಂಗಳುಗಟ್ಟಲೆ ಅರ್ಜಿ ಹಾಕಿದೆ. ಬಹಳಷ್ಟಕ್ಕೆ ಉತ್ತರವೇ ಬರಲಿಲ್ಲ. ಒಂದು ದಿನ ಆಂಟಿ ರಜ ಹಾಕಿ, ಕಂಪ್ಯೂಟರ್ ಆರಿಸಿ ಕಾರು ಹತ್ತು ಎಂದರು. ನೇರ ವೆಲ್ಷ್‌ಪೂಲ್‌ಗೆ ಕರೆದುಕೊಂಡು ಹೋದರು. ಅಲ್ಲೆಲ್ಲ ಗೋದಾಮುಗಳು, ಲಾರಿಗಳು, ಕಬ್ಬಿಣದ ಶೆಡ್ಡುಗಳು. ಪ್ರತಿ ಗೇಟಿನ ಮುಂದೆಯೂ ನಿಲ್ಲಿಸಿ, ಒಳಗೆ ಹೋಗಿ ಮುಖ ತೋರಿಸಿ ಬಾ ಎನ್ನುವರು. ನನಗೆ ನಾಚಿಕೆ, ಸಿಟ್ಟು, ಎಂ.ಎಸ್. ಮಾಡಿ ಬಾಗಿಲು ಬಾಗಿಲು ತಟ್ಟುವುದೇ ಎಂದು ಜಗಳವಾಡಿದೆ. ಸಿಟ್ಟು ಮಾಡಿಕೊಂಡೇ ಹೋಗು, ಯಾರು ಬೇಡ ಅಂದರು ಎಂದರು. ಸಂಜೆ ಹೊತ್ತಿಗೆ ಒಂದು ಸಾಗಣೆ ಕಂಪನಿಯವರು ಸರಕಿನ ಲೆಕ್ಕ ನೋಡಿಕೊಳ್ಳಲು ವಾರಕ್ಕೆ ಮೂರು ದಿನ ಬಾ ಎಂದರು. ಓದಿದ್ದಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ಆದರೂ ಒಂದು ವರ್ಷ ಹೋದೆ. ಬೆಳಿಗ್ಗೆ ಶೂ ಕಟ್ಟಿಕೊಳ್ಳುವಾಗೆಲ್ಲ ಬ್ರಿಸ್ಬೇನ್ ನೆನಪಾಗಿ ಹಲ್ಲು ಕಡಿಯುತ್ತಿದ್ದೆ.

ಕೊನೆಗೆ ಅಡಿಲೇಡ್‌ನಲ್ಲಿ ನನ್ನ ಓದಿಗೆ ತಕ್ಕ ಕೆಲಸವೇ ಸಿಕ್ಕಿತು. ಆಂಟಿ ವಿಮಾನ ನಿಲ್ದಾಣಕ್ಕೆ ಬಂದರು. ನಾನು ಅವರನ್ನು ನೋಡಿದ್ದು ಅದೇ ಕೊನೆ. ಮುಂದಿನ ಚಳಿಗಾಲದಲ್ಲಿ ಅವರು ಕ್ಲಿನಿಕ್‌ನಲ್ಲೇ ಕುಸಿದು ಬಿದ್ದು ತೀರಿಕೊಂಡರು.

ಅವತ್ತು ವಿಮಾನ ನಿಲ್ದಾಣದಲ್ಲಿ ಇಬ್ಬರೂ ಬೆಂಚಿನ ಮೇಲೆ ಕೂತಿದ್ದೆವು. ಕೆಲಸ ಸಿಕ್ಕಿದ್ದು ಖುಷಿಯೇ, ಆದರೆ ಬ್ರಿಸ್ಬೇನ್‌ನವರ ಮೇಲಿನ ಸಿಟ್ಟು ಇನ್ನೂ ಹೋಗಿಲ್ಲ ಎಂದೆ. ಯಾವಾಗ ಹೋಗುತ್ತೆ ಎಂದೂ ಕೇಳಿದೆ.

ಆಗ ಆಂಟಿ, ನಾನು ಎಂದೂ ಕೇಳಿರದ ಒಂದು ಮಾತು ಹೇಳಿದರು. ಈ ದೇಶಕ್ಕೆ ಬಂದ ಹೊಸದರಲ್ಲಿ ಅವರು ಒಂದು ದೊಡ್ಡ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಸಂಬಳವಿಲ್ಲದೆ ದುಡಿದಿದ್ದರಂತೆ, ಇವತ್ತಲ್ಲ ನಾಳೆ ತೆಗೆದುಕೊಳ್ಳುತ್ತಾರೆ ಎಂದು ನಂಬಿಕೊಂಡು. ತೆಗೆದುಕೊಳ್ಳಲಿಲ್ಲ. ಮೈಸೂರಿನಲ್ಲಿ ವರ್ಷಗಟ್ಟಲೆ ಹೆರಿಗೆ ಮಾಡಿಸಿದ ಕೈ ಆಮೇಲೆ ಒಂದು ಮಗುವನ್ನೂ ಎತ್ತಿಕೊಳ್ಳಲಿಲ್ಲ. ನೆಗಡಿ, ಜ್ವರ, ಬಿ.ಪಿ. ನೋಡುವ ಡಾಕ್ಟರಾಗಿ ಉಳಿದರು.

"ನಂದಿನ್ನೂ ಹೋಗಿಲ್ಲ ಕಣೇ," ಎಂದರು. "ಆ ಆಸ್ಪತ್ರೆ ಮುಂದಿನ ರಸ್ತೇಲಿ ನಾನು ಇವತ್ತಿಗೂ ಕಾರು ತಗೊಂಡ್ ಹೋಗಲ್ಲ. ಸುತ್ತಾಕೊಂಡು ಹೋಗ್ತೀನಿ."

ಅಷ್ಟು ಹೇಳಿ, ಹೊತ್ತಾಯಿತೆಂದು ಎದ್ದು ನನ್ನ ಕೈಗೆ ಬ್ಯಾಗು ಕೊಟ್ಟರು.