ಊರಿಗೆ ಕಾಗದ ಬರೆಯುವ ಭಾಷೆ

ಆದಿತ್ಯವಾರ ಬೆಳಿಗ್ಗೆ ಏಳಕ್ಕೆ ಶಾಲೆಯ ಗಂಟೆ ಹೊಡೆಯುತ್ತದೆಂದರೆ ನೀವು ನಂಬುತ್ತೀರೋ ಇಲ್ಲವೋ! ಬಹರೈನಿನಲ್ಲಿ ರಜೆ ಶುಕ್ರವಾರಕ್ಕೆ. ತೊಂಬತ್ತರ ದಶಕದ ಮೊದಲಲ್ಲಿ ಉಡುಪಿಯಿಂದ ಬಂದ ನನಗೆ, ಗಂಡ ಆಫೀಸಿಗೆ ಹೊರಟ ಆ ಆದಿತ್ಯವಾರವೇ ನಿಜವಾದ ಪರದೇಶ.

ಈಸಾ ಟೌನಿನಲ್ಲಿ ಭಾರತೀಯ ಮಕ್ಕಳ ಪುಟ್ಟ ಪ್ರಾಥಮಿಕ ಶಾಲೆಯೊಂದರಲ್ಲಿ ದಾಖಲಾತಿ ಪುಸ್ತಕ ಬರೆಯುವ ಕೆಲಸ ಸಿಕ್ಕಿತು. ಊರಿನ ಶಾಲೆಯಲ್ಲಾದರೆ ಹೆಸರು ಓದಿದೊಡನೆ ಮಗುವಿನ ಮನೆ ಯಾವ ತಿರುವಿನಲ್ಲೆಂದು ಹೇಳಬಹುದಿತ್ತು. ಇಲ್ಲಿ ಒಂದೇ ಬೆಂಚಿನಲ್ಲಿ ಮಲಯಾಳ, ತಮಿಳು, ಸಿಂಧಿ, ಬಂಗಾಳಿ. ಬುತ್ತಿ ಬಿಚ್ಚಿದರೆ ಇಲ್ಲಿಯ ಚಪ್ಪಟೆ ರೊಟ್ಟಿ ಖುಬೂಸಿನೊಳಗೆ ನಮ್ಮ ತೆಂಗಿನಕಾಯಿ ಚಟ್ನಿ!

ಒಂದು ದಿನ ಕೇರಳದ ಪ್ರಿನ್ಸಿಪಾಲ್ ಮೇಡಂ ಹಿಂದಿಯಲ್ಲಿ ಹೇಳಿದರು: "ಕನ್ನಡ ತರಗತಿಗೆ ಹತ್ತು ಮಕ್ಕಳು ಬೇಕು. ನಿಮ್ಮ ಪುಸ್ತಕದಲ್ಲಿ ಮೂವರೇ ಇದ್ದಾರೆ. ಗುರುವಾರದೊಳಗೆ ಸಿಗದಿದ್ದರೆ ತರಗತಿ ಇಲ್ಲ."

ಪುಸ್ತಕ ತೆರೆದೆ. ನಮ್ಮ ಕಡೆಯ ಮಕ್ಕಳಿದ್ದರು. ಆದರೆ 'ಮನೆಯ ಭಾಷೆ' ಕಾಲಮ್ಮಿನಲ್ಲಿ ತುಳು, ಕೊಂಕಣಿ, ಬ್ಯಾರಿ. ಎಲ್ಲ ನನ್ನದೇ ಕೈಬರಹ. ನನ್ನ ಮಗಳು ಸ್ಮಿತಾಳ ಸಾಲಿನಲ್ಲೂ ತುಳುವೇ.

ಸಂಜೆ ಕೋಲ್ಡ್ ಸ್ಟೋರಿಗೆ ಹೋದೆ. ಬೀದಿ ಮೂಲೆಯ ದಿನಸಿ ಅಂಗಡಿಗೆ ಇಲ್ಲಿ ಆ ಹೆಸರು. ಅಂಗಡಿಯ ಇಬ್ರಾಹಿಮಣ್ಣ ಮಂಗಳೂರು ಕಡೆಯವರು. ಅವರ ಮಗ ನಮ್ಮ ಶಾಲೆಯಲ್ಲಿ ಎರಡನೇ ಕ್ಲಾಸು.

"ಇಬ್ರಾಹಿಮಣ್ಣ, ಮಗನನ್ನು ಕನ್ನಡಕ್ಕೆ ಸೇರಿಸಿ."

"ಎಂತ ಅಕ್ಕ, ಮನೆಯಲ್ಲಿ ನಾವು ಮಾತಾಡುದು ಬ್ಯಾರಿ ಅಲ್ವಾ? ಅವನಿಗೆ ಇಂಗ್ಲಿಷ್ ಸಾಕು ಮಾರಾಯ್ರೆ."

"ಊರಿಗೆ ಕಾಗದ ಯಾವುದರಲ್ಲಿ ಬರೆಯುದು?"

ತೂಗುತ್ತಿದ್ದ ಈರುಳ್ಳಿ ಬಿಟ್ಟು ನಕ್ಕರು. "ಅದು ಕನ್ನಡದಲ್ಲೇ. ತಂಗಿ ಓದಿ ಉಮ್ಮನಿಗೆ ಹೇಳ್ಲಿಕ್ಕುಂಟಲ್ಲ."

"ನಾಳೆ ಮಗ ದೊಡ್ಡವನಾದ ಮೇಲೆ?"

ಈರುಳ್ಳಿಯನ್ನು ಪೊಟ್ಟಣಕ್ಕೆ ಸುರಿದರು. ಆಮೇಲೆ, "ಬರ್ಕೊಳ್ಳಿ ಅಕ್ಕ, ಬರ್ಕೊಳ್ಳಿ."

ಅದೇ ಪ್ರಶ್ನೆ ಹಿಡಿದು ಉಳಿದವರಿಗೆಲ್ಲ ಫೋನು ಮಾಡಿದೆ. ಬುಧವಾರಕ್ಕೆ ಒಂಬತ್ತಾಯಿತು. ಹತ್ತನೆಯವಳು ನಮ್ಮ ಮನೆಯಲ್ಲೇ ಮುಖ ಊದಿಸಿಕೊಂಡು ಕುಳಿತಿದ್ದಳು.

"ಅಮ್ಮಾ, ಕನ್ನಡ ಅಕ್ಷರ ಎಲ್ಲ ರೌಂಡ್ ರೌಂಡ್! ನಂಗೆ ಬೇಡ!"

"ಕಲಿತರೆ ಅಜ್ಜಿಗೆ ನೀನೇ ಬರೆಯಬಹುದು. ನಾನು ಇಣುಕುದಿಲ್ಲ."

ಗುಟ್ಟಿನ ಆಸೆಗೆ ಒಪ್ಪಿದಳು. ತರಗತಿ ಶುರುವಾಯಿತು. ಪುಸ್ತಕದಲ್ಲಿ ತುಳು, ಬ್ಯಾರಿ ಹಾಗೆಯೇ ಉಳಿದವು. ಪಕ್ಕದಲ್ಲಿ ಕನ್ನಡವೂ ಬಂದು ಕುಳಿತಿತು.

ಸ್ಮಿತಾ ಬರೆದ ಮೊದಲ ಕಾಗದವನ್ನು ನಾನು ಮಾತಿನಂತೆ ಇಣುಕದೆ ಅಂಟಿಸಿದೆ. ತಿಂಗಳ ಮೇಲೆ ನನ್ನ ಅಮ್ಮನ ಉತ್ತರ ಬಂತು: "ಮಗುವಿನ ಅಕ್ಷರ ನಿನ್ನದಕ್ಕಿಂತ ದುಂಡಗುಂಟು. ಆದರೆ 'ರಜೆಗೆ ಊರಿಗೆ ಬರ್ತೇನೆ, ರಜೆ ಮುಗಿದ ಮೇಲೆ ಊರಿಗೆ ಹೋಗ್ತೇನೆ' ಅಂತ ಬರೆದಿದ್ದಾಳೆ. ಎಷ್ಟು ಊರು ಮಾರಾಯ್ತಿ ಅವಳಿಗೆ?"

ನಗುತ್ತಲೇ ಮರುಕಾಗದಕ್ಕೆ ಕುಳಿತೆ. 'ರಜೆಗೆ ಎಲ್ಲರೂ ಊರಿಗೆ ಬರುತ್ತೇವೆ ಅಮ್ಮ. ಮುಗಿದ ಮೇಲೆ ಊರಿಗೆ ಹೋಗುತ್ತೇವೆ' ಎಂದು ಬರೆಯುವಾಗ ನನ್ನ ಪೆನ್ನೂ ತಡವರಿಸಲಿಲ್ಲ.